ಹತ್ತು ಕೊಲೆ, ಒಂದು ಮೀನು

ಮೊದಲಿಗೆ ಒಂದು ತಪ್ಪನ್ನು ತಿದ್ದಬೇಕು. ‘ಮಧ್ಯಾಹ್ನದ ಊಟಕ್ಕೆ ಯಾರೂ ಇಲ್ಲ’ ಎಂಬ ಚಲನಚಿತ್ರದಲ್ಲಿ ಹನ್ನೆರಡು ಮಂದಿಯ ಕೊಲೆಯಾಗುತ್ತದೆ ಎಂದು ಕೋಲ್ಕತ್ತದ ಒಂದು ಇಂಗ್ಲಿಷ್ ದಿನಪತ್ರಿಕೆ ಬರೆಯಿತು. ಎಂಟು ಎಂದು ಇನ್ನೊಂದು ಬರೆಯಿತು. ಎರಡೂ ಸುಳ್ಳು. ಸಾಯುವವರು ಒಂಬತ್ತು ಮಂದಿ, ಕೊಲೆಗಳು ಹತ್ತು. ವಿಮೆ ಏಜೆಂಟನು ಎರಡು ಸಲ ಸಾಯುತ್ತಾನೆ, ಏಕೆಂದರೆ ಮೊದಲ ಸಲ ಸತ್ತ ಮೇಲೂ ಅವನು ಪಾಲಿಸಿಯ ಮಾತು ಬಿಡುವುದಿಲ್ಲ. ಪುಕ್ಕಟೆ ಕುರ್ಚಿಯಲ್ಲಿ ಕುಳಿತು ಚಿತ್ರ ನೋಡಿ, ಅದರ ಬಗ್ಗೆ ಬರೆಯಲು ಸಂಬಳವನ್ನೂ ಪಡೆಯುವವರು ಹೆಣಗಳನ್ನಾದರೂ ಸರಿಯಾಗಿ ಎಣಿಸಬಾರದೇ ಎಂದು ಬಾಲಿಗಂಜಿನ ಓಂಕಾರಪ್ಪನವರು ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಹಾಗೆ ಕೇಳುವ ಅಧಿಕಾರ ಅವರಿಗೆ ಬೇರೆಯವರಿಗಿಂತ ತುಸು ಹೆಚ್ಚೇ ಇತ್ತು. ಆ ಹತ್ತೂ ಕೊಲೆಗಳನ್ನು ಮಾಡಿದವರು ಅವರ ಧರ್ಮಪತ್ನಿ ಸಾವಿತ್ರಮ್ಮ.

ಓಂಕಾರಪ್ಪನವರು ದಾವಣಗೆರೆಯ ಕಡೆಯವರು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಸೇವೆ ಪೂರೈಸಿ ಗಾರ್ಡನ್ ರೀಚ್‌ನ ಕಚೇರಿಯಿಂದ ನಿವೃತ್ತರಾದವರು. ಕೆಂಪು ದೀಪಕ್ಕೆ ಒಂದು ಅರ್ಥ, ಹಸಿರಿಗೆ ಒಂದು ಅರ್ಥ, ಹಳದಿಯೆಂದರೆ ನಿಧಾನವೆಂದೇ ಹೊರತು ‘ನಿಮ್ಮ ಇಷ್ಟ’ವೆಂದಲ್ಲ ಎಂಬುದು ಅವರ ಜೀವನದ ನಂಬಿಕೆ. ಪ್ರತಿ ಬೆಳಿಗ್ಗೆ ಮೂರು ಪತ್ರಿಕೆ ಓದುತ್ತಾರೆ. ಅಭಿಪ್ರಾಯಗಳ ಗೊಡವೆಗೆ ಹೋಗುವುದಿಲ್ಲ, ಸಂಗತಿ ತಪ್ಪಿದ್ದರೆ ಮಾತ್ರ ಬಿಡುವುದಿಲ್ಲ. ನಿವೃತ್ತರಾದಾಗ ಊರಿಗೆ ಹೋಗುವುದಿಲ್ಲವೇ ಎಂದು ಕೇಳಿದವರಿಗೆ, “ಯಾವ ಊರಿಗೆ? ನಾನು ಊರಲ್ಲೇ ಇದ್ದೀನಲ್ಲ” ಎಂದು ಉತ್ತರಿಸಿ, ಚೀಲ ಹಿಡಿದು ಗರಿಯಾಹಾಟ್ ಮಾರುಕಟ್ಟೆಗೆ ನಡೆದಿದ್ದರು.

ಸಾವಿತ್ರಮ್ಮ ಮದುವೆಯಾಗಿ ಬಂದು ಇದೇ ನಗರದಲ್ಲಿ ಮುದುಕಿಯಾದವರು. ಮಾತು ಮಾತ್ರ ಇಂದಿಗೂ ದಾವಣಗೆರೆಯದೇ. ಗಿಡ್ಡ ಆಳು, ಶಾಂತ ಮುಖ. ನಕ್ಕರೆ ಸದ್ದು ಬರುವುದಿಲ್ಲ, ಭುಜಗಳು ಕುಣಿಯುತ್ತವೆ. ಮನೆಯ ಹೊರಗೆ ಅವರಿಗಿದ್ದ ಪದವಿ ಒಂದೇ: ಗಂಗಾತೀರ ಕನ್ನಡ ಕೂಟದ ಯುಗಾದಿ ಊಟದ ದಿನ ಅಡುಗೆಮನೆಯ ಯಜಮಾನಿಕೆ. ಕಡಲೆಬೇಳೆ ಬೇಯಿಸುವುದರಿಂದ ಹಿಡಿದು ಕೊನೆಯ ಹೋಳಿಗೆ ಕಾವಲಿಯಿಂದ ಇಳಿಯುವವರೆಗೆ ಅಲ್ಲಿ ಅವರ ಮಾತೇ ಮಾತು. ಕೂಟದ ಅಧ್ಯಕ್ಷರು ಎಷ್ಟೋ ಮಂದಿ ಬದಲಾದರು, ಹೋಳಿಗೆಯ ಕೈ ಬದಲಾಗಲಿಲ್ಲ. ವರ್ಷದ ಉಳಿದ ದಿನಗಳನ್ನೆಲ್ಲ ಅವರು ಆ ಒಂದು ದಿನದಿಂದಲೇ ಎಣಿಸುತ್ತಿದ್ದರು: ಹಬ್ಬ ಆದ ಮೇಲೆ, ಹಬ್ಬಕ್ಕೆ ಮುಂಚೆ.

ಇಂಥವರು ಕೊಲೆಗೆ ಇಳಿದದ್ದು ನಿಹಾರಿಕಾಳಿಂದ. ಜಾದವ್‌ಪುರದಲ್ಲಿ ಸಿನಿಮಾ ಓದಿದ ಹುಡುಗಿ, ಅವಳ ತಂದೆ ಕೇಂದ್ರ ಸರ್ಕಾರದ ನೌಕರರು, ಕೂಟದ ಸದಸ್ಯರು. ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬಂದು ಸಾವಿತ್ರಮ್ಮನ ಮುಂದೆ ನೆಲದ ಮೇಲೆ ಕುಳಿತಳು.

“ಅಜ್ಜಿ, ನಂಗೆ ನಿಮ್ ಕಿಚನ್ ಬೇಕು. ಸಿನಿಮಾಗೆ. ಓನ್ಲಿ ಕಿಚನ್. ಆ್ಯಕ್ಟರ್ ನಾನೇ ತರ್ತೀನಿ.”

“ಕಥಿ ಏನವ್ವ?”

“ಒಬ್ಬರು ಅಜ್ಜಿ. ಅವ್ರ ಮನೆಗೆ ಯಾರ್ ಯಾರೋ ಬರ್ತಾರೆ. ವಿಮೆ ಏಜೆಂಟ್, ಫ್ಲ್ಯಾಟ್ ಒಡೆದು ಹೊಸಾದು ಕಟ್ಬೇಕು ಅನ್ನೋ ಪ್ರಮೋಟರ್, ಹಾಗೆ. ಅಜ್ಜಿ ಎಲ್ರಿಗೂ ಊಟ ಮಾಡಿ ಅಂತಾರೆ. ಯಾರು ಬೇಡ ಅಂತಾರೋ ಅವ್ರನ್ನ ಸಾಯಿಸ್ಬಿಡ್ತಾರೆ. ಆಮೇಲೆ ಸತ್ತೋರೆಲ್ಲ ಫ್ರಿಜ್ ಬಾಗಿಲಿಂದ ವಾಪಸ್ ಬಂದು, ಟೇಬಲ್ ಸುತ್ತ ಕೂತು, ಉಪ್ಪು ಕಮ್ಮಿ ಅಂತ ಕಂಪ್ಲೇಂಟ್ ಮಾಡ್ತಾರೆ. ಲಾಸ್ಟಲ್ಲಿ ಅಡುಗೆಮನೆ ಒಳಗೆ ಟ್ರಾಮ್ ಬರತ್ತೆ.”

“ಟ್ರಾಮಿನ ಹಳಿ ಎಲ್ಲಿ ಹಾಕ್ತೀಯಮ್ಮ?” ಎಂದು ಓಂಕಾರಪ್ಪನವರು ಒಳಕೋಣೆಯಿಂದಲೇ ಕೇಳಿದರು.

“ಹಳಿ ಇಲ್ಲ ತಾತ. ಕನಸಿನ ಥರ.”

ಓಂಕಾರಪ್ಪನವರಿಗೆ ಸಮಾಧಾನವಾಗಲಿಲ್ಲ. ಸಾವಿತ್ರಮ್ಮನ ಭುಜಗಳು ಮಾತ್ರ ಆಗಲೇ ಕುಣಿಯುತ್ತಿದ್ದವು. ಅಡುಗೆಮನೆ ಸಿಕ್ಕಿತು.

ನಟಿಯೊಬ್ಬರು ಬಂದರು, ರಂಗಭೂಮಿಯ ಅನುಭವಿಗಳು. ವಿಮೆ ಏಜೆಂಟನ ತಲೆಗೆ ಲಟ್ಟಣಿಗೆಯಿಂದ ಹೊಡೆಯುವ ದೃಶ್ಯ. ಆಕೆ ಅದನ್ನು ಕೊಳಲಿನಂತೆ ಹಿಡಿದಿದ್ದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಾವಿತ್ರಮ್ಮನಿಗೆ ತಡೆಯಲಾಗಲಿಲ್ಲ.

“ಹಂಗ ಹಿಡಿದ್ರೆ ಮನುಷ್ಯ ಸಾಯಲ್ಲವ್ವ, ಬರೇ ಸೀನ್ತಾನೆ. ತಾ ಇಲ್ಲಿ.”

ತೋರಿಸಿದರು. ಕ್ಯಾಮೆರಾ ಚಾಲನೆಯಲ್ಲೇ ಇತ್ತು. ಏಜೆಂಟನ ಪಾತ್ರದ ಹುಡುಗ ಬಿದ್ದ ರೀತಿಗೆ ಇಡೀ ತಂಡ ಚಪ್ಪಾಳೆ ತಟ್ಟಿತು. ರಂಗಭೂಮಿಯ ನಟಿ ದೊಡ್ಡ ಮನಸ್ಸಿನವರು, ತಾವೇ ಪಾತ್ರದ ಸೀರೆಯನ್ನು ಬಿಟ್ಟುಕೊಟ್ಟು ಸಾವಿತ್ರಮ್ಮನಿಗೆ ಉಡಿಸಿ, ಮೀಟರ್ ಓದುವ ಹೆಂಗಸಿನ ಪಾತ್ರ ಮಾಡಿ ಸಂತೋಷದಿಂದ ಸತ್ತರು.

ಸಾವಿತ್ರಮ್ಮ ಹಾಕಿದ ಷರತ್ತು ಒಂದೇ. “ಎಷ್ಟು ಮಂದೀನ ಬೇಕಾದ್ರೂ ಕೊಲ್ತೀನಿ ನಿಹಾರಿ. ಮೀನು ಮಾತ್ರ ಮುಟ್ಟಾಕಿಲ್ಲ.”

ಕಥೆಯಲ್ಲಿ ಮೀನಿತ್ತು. ಬಂಗಾಳಿಗಳ ಅಚ್ಚುಮೆಚ್ಚಿನ ದೊಡ್ಡ ಇಲಿಶ್ ಮೀನು. ಅಜ್ಜಿ ಅದರ ಹೊಟ್ಟೆ ಸೀಳಿದಾಗ ಒಳಗೆ ಸತ್ತ ಪ್ರಮೋಟರನ ಮೊಬೈಲು ಗಂಟೆ ಹೊಡೆಯುತ್ತಿರುತ್ತದೆ. ಅವಳು ಕೈ ಒರೆಸಿಕೊಂಡು, “ಹಲೋ, ಅವರು ಊಟಕ್ಕೆ ಕೂತಿದ್ದಾರೆ” ಎನ್ನುತ್ತಾಳೆ. ಚಿತ್ರದ ನಡುಗಂಬವೇ ಆ ದೃಶ್ಯ. ನಿಹಾರಿಕಾ ಅಳುಮುಖ ಮಾಡಿದಳು. ಸಾವಿತ್ರಮ್ಮ ಒಂದು ಬೆಳಗಿನ ಕಾಲಾವಕಾಶ ಕೇಳಿದರು. ದಪ್ಪ ಬಾಳೆದಿಂಡನ್ನು ಮೀನಿನ ಆಕಾರಕ್ಕೆ ಕೆತ್ತಿದರು. ಸೋರೆಕಾಯಿಯ ಸಿಪ್ಪೆಯನ್ನು ಚಿಪ್ಪುಚಿಪ್ಪಾಗಿ ಕತ್ತರಿಸಿ ಮೈದಾ ಅಂಟಿನಿಂದ ಮೆತ್ತಿ, ಅದರ ಮೇಲೆ ಮಿಠಾಯಿಗೆ ಹಚ್ಚುವ ಬೆಳ್ಳಿ ವರಕು ಹಾಸಿದರು. ಹೊಟ್ಟೆಯೊಳಗೆ ಬಸಳೆಯ ದಂಟು ಮತ್ತು ಬೀಟ್‌ರೂಟಿನ ರಸ. ಸಿಪ್ಪೆ ಸುಲಿದ ಲಿಚಿ ಹಣ್ಣಿನಲ್ಲಿ ಒಂದು ಮೆಣಸುಕಾಳು ಚುಚ್ಚಿದ್ದೇ ಕಣ್ಣಾಯಿತು. ಅದು ಎಷ್ಟು ಚೆನ್ನಾಗಿ ದಿಟ್ಟಿಸುತ್ತಿತ್ತೆಂದರೆ, ಓಂಕಾರಪ್ಪನವರು ಆ ದಿನ ಅಡುಗೆಮನೆಗೆ ಕಾಫಿಗೆ ಹೋಗಲಿಲ್ಲ.

ಸಾವಿತ್ರಮ್ಮ ತಮ್ಮದೇ ಈಳಿಗೆಮಣೆಯ ಮುಂದೆ ಕುಳಿತು ಆ ಮೀನನ್ನು ಕೊಯ್ದರು. ಕೊಯ್ದಾದ ಮೇಲೆ, ಜೀವಮಾನದ ಅಭ್ಯಾಸದಂತೆ, ಹೋಳುಗಳನ್ನು ನಲ್ಲಿಯ ಕೆಳಗೆ ಮೂರು ನೀರಿನಲ್ಲಿ ತೊಳೆದು ಜಾಲರಿಗೆ ಸುರಿದರು. ಚಿತ್ರಕಥೆಯಲ್ಲಿ ಅದು ಇರಲಿಲ್ಲ. ನಿಹಾರಿಕಾಳಿಗೆ ಹಿಡಿಸಿತು, ಉಳಿಸಿಕೊಂಡಳು. “ರಿಲೀಸ್ ಆಗೋವರೆಗೂ ಮೀನಿನ ಸೀಕ್ರೆಟ್ ಯಾರಿಗೂ ಹೇಳ್ಬೇಡಿ, ಪ್ಲೀಸ್” ಎಂದಳು. ಇಬ್ಬರೂ ಒಪ್ಪಿದರು.

ಚಳಿಗಾಲದಲ್ಲಿ ಚಿತ್ರ ತೆರೆಕಂಡಿತು. ಅದು ದೊಡ್ಡ ಬಿಡುಗಡೆಯೇನಲ್ಲ, ಎರಡು ಚಿತ್ರಮಂದಿರ, ಕೆಲವು ಪ್ರದರ್ಶನ. ಆದರೆ ಈ ನಗರದಲ್ಲಿ ಚಿತ್ರವೊಂದನ್ನು ನೋಡುವುದು ಅರ್ಧ ಕೆಲಸ, ಉಳಿದರ್ಧ ಅದರ ಬಗ್ಗೆ ಜಗಳವಾಡುವುದು. ಹಿಂಸೆಯಿಂದ ವಾಕರಿಕೆ ಬಂತು, ನಗೆಯಿಂದ ನಗು ಬರಲಿಲ್ಲ ಎಂದು ಒಂದು ವಾರಪತ್ರಿಕೆ ಬರೆಯಿತು. ಓಂಕಾರಪ್ಪನವರು ತಲೆಯಾಡಿಸಿ ಪುಟ ತಿರುವಿದರು, ಅದು ಅಭಿಪ್ರಾಯ. ಟ್ರಾಮು ನಗರದ ಅಂತಸ್ಸಾಕ್ಷಿಯೆಂದೂ ಫ್ರಿಜ್ಜು ಇತಿಹಾಸವೆಂದೂ ಒಂದು ಬಂಗಾಳಿ ಕಿರುಪತ್ರಿಕೆ ಹದಿನಾಲ್ಕು ಪುಟ ಬರೆಯಿತು. ಅದನ್ನೂ ಅವರು ಬಿಟ್ಟುಕೊಟ್ಟರು. ಆದರೆ ಇಂಗ್ಲಿಷ್ ದಿನಪತ್ರಿಕೆಯ ವಿಮರ್ಶಕನೊಬ್ಬ ಹೀಗೆ ಬರೆದಿದ್ದ: “ಈ ನಟಿ ಮೀನಿನ ಮಾರುಕಟ್ಟೆಯಲ್ಲಿಯೇ ಬೆಳೆದವರಿರಬೇಕು. ಆ ಕೈಗಳಿಗೆ ರಕ್ತದ ಪರಿಚಯ ಹಳೆಯದು.”

“ಬೀಟ್‌ರೂಟು!” ಎಂದು ಓಂಕಾರಪ್ಪನವರು ಖಾಲಿ ಕೋಣೆಗೆ ಹೇಳಿದರು. “ಬೀಟ್‌ರೂಟಿನ ಪರಿಚಯ ಹಳೆಯದು!”

ಅದೇ ದಿನ ಎದುರು ಫ್ಲ್ಯಾಟಿನ ಬಸು ಬೌದಿ ಪತ್ರಿಕೆ ಹಿಡಿದು ಬಂದರು. ಭೂಗೋಳದ ಶಿಕ್ಷಕಿಯಾಗಿ ನಿವೃತ್ತರಾದ ಈ ಬಂಗಾಳಿ ಹೆಂಗಸು ಸಾವಿತ್ರಮ್ಮನಿಗೆ ಕರೆಯಲು ಬೌದಿ, ಅಂದರೆ ಅತ್ತಿಗೆ, ನಿಜದಲ್ಲಿ ಒಡಹುಟ್ಟಿದವರಂತೆ. ಅವರಿಬ್ಬರ ಸಂಭಾಷಣೆ ಬಂಗಾಳಿ ಬೆರೆತ ಹಿಂದಿಯಲ್ಲಿ, ನಡುನಡುವೆ ಕೈಸನ್ನೆಯಲ್ಲಿ.

“ದೀದಿ! ಇದೇನು ಮಾಡಿಬಿಟ್ಟೆ?”

“ಕೊಲೆಯಾ ಬೌದಿ?”

“ಕೊಲೆ ಇರಲಿ. ಆ ಪ್ರಮೋಟರನಿಗೆ ಇನ್ನೂ ಎರಡು ಬಿಡಬೇಕಿತ್ತು. ನಾನು ಹೇಳುವುದು ಇಲಿಶ್! ಕೊಯ್ದ ಇಲಿಶ್ ಮೀನನ್ನು ಯಾರಾದರೂ ತೊಳೆಯುತ್ತಾರೆಯೇ? ತೊಳೆಯುವುದೇನಿದ್ದರೂ ಕೊಯ್ಯುವ ಮೊದಲು. ಕೊಯ್ದ ಮೇಲೆ ತೊಳೆದರೆ ರುಚಿಯೆಲ್ಲ ನೀರಿಗೆ ಹೋಗುತ್ತದೆ. ಚಿತ್ರಮಂದಿರದಲ್ಲಿ ನನ್ನ ಪಕ್ಕದ ಹೆಂಗಸು ತಲೆಯ ಮೇಲೆ ಕೈ ಹೊತ್ತಳು. ಮಾರುಕಟ್ಟೆಯಲ್ಲಿ ಇವತ್ತು ಇದೇ ಮಾತು. ಎಲ್ಲರೂ ನನ್ನನ್ನೇ ಕೇಳುತ್ತಾರೆ, ‘ನೀವು ಎದುರು ಮನೆಯಲ್ಲಿದ್ದೂ ಕಲಿಸಲಿಲ್ಲವೇ?’ ಎಂದು!”

ಸಾವಿತ್ರಮ್ಮನ ಭುಜಗಳು ಕುಣಿದವು. “ತಪ್ಪಾಯಿತು ಬೌದಿ. ಮುಂದಿನ ಸಲ ನಿಮ್ಮನ್ನು ಕೇಳಿಯೇ ಕೊಯ್ಯುತ್ತೇನೆ.”

ಕನ್ನಡ ಕೂಟದ ವಿಮರ್ಶೆ ಇಷ್ಟು ಸಿಹಿಯಾಗಿರಲಿಲ್ಲ. ಫಾಲ್ಗುಣದಲ್ಲಿ ಕೂಟದವರು ಬಾಲಿಗಂಜಿನ ಒಂದು ಸಭಾಂಗಣದಲ್ಲಿ ಚಿತ್ರವನ್ನು ತೋರಿಸಿದರು. ಬೆಂಗಳೂರಿನಿಂದ ಕೆಲಸಕ್ಕೆ ಬಂದ ಹುಡುಗರು ಹಿಂದಿನ ಸಾಲಿನಲ್ಲಿ ಬಿದ್ದುಬಿದ್ದು ನಕ್ಕರು. ಮುಂದಿನ ಸಾಲುಗಳು ಮೌನವಾಗಿದ್ದವು. ಕೂಟದಲ್ಲಿ ಒಂದು ಪದ್ಧತಿಯಿದೆ: ಯಾವ ಕಾರ್ಯಕ್ರಮವಾದರೂ ಬಳಿಕ ಚರ್ಚೆ, ಮತ್ತು ಚರ್ಚೆಯಲ್ಲಿ ಕೋಲ್ಕತ್ತಕ್ಕೆ ಯಾರು ಮೊದಲು ಬಂದರೋ ಅವರು ಮೊದಲು ಮಾತನಾಡಬೇಕು. ಇದರಿಂದಾಗಿ ಕಿರಿಯರ ಸರದಿ ಬರುವ ಹೊತ್ತಿಗೆ ಕಾಫಿ ಮುಗಿದು, ಕಾವಲುಗಾರ ಬೀಗ ಹಿಡಿದು ನಿಂತಿರುತ್ತಾನೆ. ಆ ದಿನ ಮೊದಲು ಎದ್ದವರು ಅಧ್ಯಕ್ಷ ವಿಶ್ವನಾಥರು. ಮೈಸೂರಿನವರು, ಬಿಬಿಡಿ ಬಾಗ್‌ನ ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿದ್ದವರು. ಅವರು ಕೆಟ್ಟ ಮನುಷ್ಯರೆಂದು ಯಾರೂ ಹೇಳಲಾರರು.

“ಚಿತ್ರ ಅಚ್ಚುಕಟ್ಟಾಗಿದೆ. ಹಿಂಸೆ ಸ್ವಲ್ಪ ಜಾಸ್ತಿ, ಇರಲಿ, ಈಗಿನ ಕಾಲ ಹಾಗೆ. ಆದರೆ... ಆ ಮೀನು.” ಅವರು ಕನ್ನಡಕ ತೆಗೆದು ಒರೆಸಿದರು. “ನಮ್ಮ ಸಾವಿತ್ರಮ್ಮನವರ ಕೈಯಲ್ಲಿ ಅದನ್ನ ನೋಡೋಕಾಗಲಿಲ್ಲ, ಕ್ಷಮಿಸಬೇಕು.”

ಮುಂದಿನ ಸಾಲುಗಳಿಗೆ ಬಾಯಿ ಬಂತು. ಹೌದು, ಮೀನು. ಮೀನು ಬೇಡವಾಗಿತ್ತು. ಮೀನೊಂದು ಇಲ್ಲದಿದ್ದರೆ ಕುಟುಂಬ ಸಮೇತ ನೋಡಬಹುದಾದ ಚಿತ್ರ. ಒಂಬತ್ತು ಹೆಣಗಳು ಮೇಜಿನ ಸುತ್ತ ಕುಳಿತು ಉಪ್ಪಿಗಾಗಿ ಕೂಗಾಡಿದ ಚಿತ್ರದ ಬಗ್ಗೆ ಇಷ್ಟು ಮಂದಿ ಇಷ್ಟು ಹೊತ್ತು ಮಾತನಾಡಿದರು, ಒಬ್ಬರೂ ಕೊಲೆಯ ಹೆಸರೆತ್ತಲಿಲ್ಲ.

ಮೆಟ್ಟಿಲಿಳಿಯುವಾಗ ವಿಶ್ವನಾಥರು ಓಂಕಾರಪ್ಪನವರ ಮೊಣಕೈ ಹಿಡಿದರು. “ಓಂಕಾರಪ್ಪನೋರೆ, ಈ ಸಲ ಯುಗಾದಿಗೆ ನಿಮ್ಮ ಮನೆಯವರಿಗೆ ಸ್ವಲ್ಪ ವಿಶ್ರಾಂತಿ ಕೊಡೋಣ ಅಂತ. ವಯಸ್ಸಾಯ್ತಲ್ಲ. ಕೇಟರಿಂಗ್‌ನವರಿಗೆ ಹೇಳಿದ್ರಾಯ್ತು.”

“ವಯಸ್ಸು ಕಳೆದ ವರ್ಷವೂ ಆಗಿತ್ತು.”

“ನಿಮಗೆ ಗೊತ್ತಲ್ಲ ಸಾರ್. ನಾಲ್ಕು ಜನ ನಾಲ್ಕು ಥರ ಮಾತಾಡ್ತಾರೆ. ನನಗೇನಿಲ್ಲ.”

ಮನೆಗೆ ಬಂದ ಓಂಕಾರಪ್ಪನವರು ಚಪ್ಪಲಿ ಬಿಡುವ ಮೊದಲೇ ನಡೆದದ್ದನ್ನೆಲ್ಲ ಹೇಳಿ ಸಿಡಿದರು. “ಒಂದು ವಾಕ್ಯ ಸಾಕು ಸಾವಿತ್ರಿ. ‘ಅದು ಬಾಳೆದಿಂಡು.’ ಈಗಲೇ ಫೋನ್ ಮಾಡ್ತೀನಿ.”

“ಬ್ಯಾಡ್ರಿ.”

“ಯಾಕೆ? ಚಿತ್ರ ಬಿಡುಗಡೆ ಆತಲ್ಲ. ಆ ಹುಡುಗಿಗೆ ಕೊಟ್ಟ ಮಾತು ಮುಗೀತು.”

“ಆ ಹುಡುಗಿ ಮಾತಲ್ಲ. ಇದು ನಂದು.” ಪ್ರದರ್ಶನಕ್ಕೆ ಹೋಗದೆ ಮನೆಯಲ್ಲೇ ಉಳಿದಿದ್ದ ಸಾವಿತ್ರಮ್ಮ ಮೊರದ ಮುಂದೆ ಕುಳಿತು ಬೇಳೆ ಆರಿಸುತ್ತಿದ್ದರು. “ನಿಮಗೆ ಎದೆ ಆಪರೇಷನ್ ಆದಾಗ ನಾನು ಆಸ್ಪತ್ರ್ಯಾಗೆ ಕುಂತಿದ್ದೆ. ಬೌದಿ ದಿನಾ ಮುಂಜಾನಿ ತಮ್ಮ ಮನ್ಯಾಗೆ ಮೀನಿನ ಅಡುಗೆ ಮುಗಿಸಿ, ಕೈಗೆ ಹುಣಸೇಹಣ್ಣು ಹಚ್ಚಿ ತಿಕ್ಕೊಂಡು, ಇದೇ ಅಡುಗೆಮನ್ಯಾಗೆ ನಿಮಗೆ ಗಂಜಿ, ನನಗೆ ಪಲ್ಯ ಮಾಡಿ ಕಳಿಸಿದ್ರಲ್ಲ. ಆ ಕೈದು ಉಂಡೇ ನೀವು ಎದ್ದು ಕುಂತಿದ್ದು. ಈಗ ನಾನು ಹೋಗಿ, ‘ಇಲ್ರಪ್ಪ, ನನ್ನ ಕೈ ಮೀನು ಮುಟ್ಟಿಲ್ಲ, ಸ್ವಚ್ಛ ಐತಿ’ ಅಂದ್ರೆ, ಬೌದಿ ಕೈ ಏನಾತು?”

ಓಂಕಾರಪ್ಪನವರು ಕೈಗೆತ್ತಿಕೊಂಡಿದ್ದ ಫೋನನ್ನು ಮೇಜಿನ ಮೇಲೆ ಇಟ್ಟರು.

“ಹಂಗಾರೆ ಹಬ್ಬ?” ಎಂದು ಕೇಳಿದರು.

“ಅವ್ರು ಬ್ಯಾಡ ಅಂದ್ರೆ ಬ್ಯಾಡ. ನನಗೇನಾಗಬೇಕು.” ಹೇಳಿದ್ದು ಹಗುರವಾಗಿಯೇ. ಆದರೆ ಆರಿಸಿ ಮುಗಿಸಿದ್ದ ಬೇಳೆಯನ್ನು ಸಾವಿತ್ರಮ್ಮ ಮತ್ತೆ ಮೊರಕ್ಕೆ ಸುರಿದು ಮೊದಲಿನಿಂದ ಆರಿಸತೊಡಗಿದರು. ಅದರಲ್ಲಿ ಕಲ್ಲಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಹೀಗೆ, ಒಂದು ಸಂಗತಿಯನ್ನು ಬಲ್ಲ ಮನುಷ್ಯ ಅದನ್ನು ಹೇಳಲಾಗದೆ ಹಲವು ದಿನ ನರಳಿದರು. ಮಾರುಕಟ್ಟೆಯಲ್ಲಿ ಬಾಳೆದಿಂಡು ಕಂಡರೆ ಮುಖ ಕೆಂಪಾಗುತ್ತಿತ್ತು. ಸಂಜೆಯ ತಿರುಗಾಟಕ್ಕೆ ಎಲ್ಲರೂ ಲೇಕ್ ಎನ್ನುವ ಕೆರೆಯ ದಂಡೆಗೆ ಹೋದಾಗ ಒಂದು ದಿನ ಕಲ್ಲುಬೆಂಚಿನ ಮೇಲೆ ಚಂದ್ರಹಾಸರು ಸಿಕ್ಕಿದರು. ಉಡುಪಿಯ ಕಡೆಯವರು, ಬಂದರಿನ ಕೆಲಸದಿಂದ ನಿವೃತ್ತರು. ಕೂಟದ ಎಲ್ಲ ಸಮಾರಂಭಗಳಲ್ಲೂ ಕುರ್ಚಿಗಳ ವ್ಯವಸ್ಥೆ ಅವರದು.

“ಸಾವಿತ್ರಕ್ಕನಿಗೆ ಈ ಸಲ ರಜೆಯಂತೆ, ಹೌದಾ?” ಎಂದು ಚಂದ್ರಹಾಸರು ಕೇಳಿದರು.

“ಹೌದಂತೆ.”

“ಓಂಕಾರಪ್ಪನವ್ರೆ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಇಷ್ಟು ವರ್ಷದಲ್ಲಿ ನಾನು ಯುಗಾದಿ ದಿನ ಅಡುಗೆಮನೆಯೊಳಗೆ ಬಂದದ್ದು ನೀವು ನೋಡಿದ್ದುಂಟಾ?”

ಓಂಕಾರಪ್ಪನವರು ಯೋಚಿಸಿದರು. ಚಂದ್ರಹಾಸರೆಂದರೆ ಕಣ್ಣ ಮುಂದೆ ಬಂದದ್ದು ಕುರ್ಚಿಗಳು, ಕುರ್ಚಿಗಳು, ಕೊನೆಯಲ್ಲಿ ಮಡಚಿಟ್ಟ ಕುರ್ಚಿಗಳು.

“ಮೊದಲ ವರ್ಷ ಹೋಗಿ ಕಾಯಿ ತುರಿಯಲಿಕ್ಕೆ ಕೂತೆ. ಯಾರೋ ಬಂದು, ‘ಚಂದ್ರಹಾಸರು ಮೀನು ತಿನ್ನೋರು ಅಲ್ವಾ, ಗಟ್ಟಿ ಆಳು, ಕುರ್ಚಿ ನೋಡ್ಕೊಳ್ಳಲಿ’ ಅಂದ್ರು. ನಗಾಡಿಕೊಂಡೇ ಹೇಳಿದ್ದು. ನಾನೂ ನಗಾಡಿದೆ. ಮರುವರ್ಷವೂ ಕುರ್ಚಿ. ಮತ್ತೆ ಅದೇ ಅಭ್ಯಾಸ ಆಯ್ತು.” ಚಂದ್ರಹಾಸರು ನೀರಿನ ಕಡೆ ನೋಡಿದರು, ಬಳಿಕ ಓಂಕಾರಪ್ಪನವರ ತೊಡೆಯ ಮೇಲೆ ತಟ್ಟಿದರು. “ಇರಲಿ ಮಾರಾಯ್ರೆ. ಸಾವಿತ್ರಕ್ಕ ಕುರ್ಚಿಗೆ ಬರುದಾದ್ರೆ ನನಗೆ ಒಳ್ಳೆ ಜೊತೆ ಆಯ್ತು.”

ಈ ಮಾತನ್ನು ಓಂಕಾರಪ್ಪನವರು ಮನೆಗೆ ಹೊತ್ತು ತಂದು ಹೆಂಡತಿಯ ಮುಂದೆ ಇಳಿಸಿದರು. ಸಾವಿತ್ರಮ್ಮ ಒಲೆ ಆರಿಸಿ ಬಂದು ಕುಳಿತರು. “ನಾನು ಆ ಅಣ್ಣಂಗೆ ಕುರ್ಚಿ ಅಂದ್ರೆ ಇಷ್ಟ ಅಂತ ತಿಳಕಂಡಿದ್ದೆ” ಎಂದು ಮಾತ್ರ ಅಂದರು.

ಯುಗಾದಿಯ ಪೂರ್ವಭಾವಿ ಸಭೆ ಪ್ರತಿ ವರ್ಷ ಒಬ್ಬೊಬ್ಬ ಸದಸ್ಯರ ಮನೆಯಲ್ಲಿ ನಡೆಯುತ್ತದೆ. ಈ ವರ್ಷದ ಸರದಿ, ಮೀನಿಗೆ ಬಹಳ ಮೊದಲೇ, ಓಂಕಾರಪ್ಪನವರಿಗೆ ಬಂದಿತ್ತು. ಸದಸ್ಯರು ಮುಜುಗರದಿಂದಲೇ ಬಂದು ಕುಳಿತರು. ಸಾವಿತ್ರಮ್ಮ ಎಲ್ಲರಿಗೂ ಒಗ್ಗರಣೆ ಅವಲಕ್ಕಿಯ ತಟ್ಟೆ ಕೊಟ್ಟರು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು: ಯಾರೊಬ್ಬರೂ “ಬೇಡ” ಎನ್ನಲಿಲ್ಲ. ಚಿತ್ರವನ್ನು ನೋಡಿದವರಾರೂ ಆ ಅಡುಗೆಮನೆಯ ಎದುರು, ಆ ಕೈಗೆ, ಆ ಮಾತನ್ನು ಹೇಳುವ ಧೈರ್ಯ ಮಾಡುವಂತಿರಲಿಲ್ಲ. ವಿಶ್ವನಾಥರು ಎರಡನೆಯ ಸಲ ಹಾಕಿಸಿಕೊಂಡರು.

ವಿಶ್ವನಾಥರು ಗಂಟಲು ಸರಿಮಾಡಿಕೊಂಡು ಕೇಟರಿಂಗ್ ವಿಷಯಕ್ಕೆ ಬರುವಷ್ಟರಲ್ಲಿ ತೆರೆದ ಬಾಗಿಲಿನಿಂದ ಬಸು ಬೌದಿ ಪಾಯೆಶ್, ಅಂದರೆ ಬಂಗಾಳಿ ಪಾಯಸ, ತುಂಬಿದ ಪಾತ್ರೆ ಹಿಡಿದು ಬಂದರು. ಕೂಟದವರಿಗೆಲ್ಲ ಅವರ ಪರಿಚಯ, ಪ್ರತಿ ಯುಗಾದಿಗೂ ಹೋಳಿಗೆ ತಿನ್ನಲು ಬರುವವರು. “ಏನು ಸಭೆ? ಸಿನಿಮಾದ್ದೇ?” ಎಂದು ಹಿಂದಿಯಲ್ಲಿ ಕೇಳಿ, ಯಾರಾದರೂ ಉತ್ತರಿಸುವ ಮೊದಲೇ ಮುಂದುವರಿಸಿದರು. “ನೀವಾದರೂ ಇವಳಿಗೆ ಹೇಳಿ. ಕೊಯ್ದ ಇಲಿಶ್ ಮೀನನ್ನು ಮೂರು ನೀರಲ್ಲಿ ತೊಳೆದಿದ್ದಾಳೆ, ಬದನೆಕಾಯಿ ತೊಳೆದ ಹಾಗೆ! ಅದನ್ನು ನೋಡಿದ ಯಾವ ಬಂಗಾಳಿಯೂ ಅದು ಇಲಿಶ್ ಎಂದು ನಂಬುವುದಿಲ್ಲ.”

ವಿಶ್ವನಾಥರ ಕೈಯಲ್ಲಿದ್ದ ಚಮಚ ನಿಂತಿತು. ಬ್ಯಾಂಕಿನಲ್ಲಿ ಸಾವಿರಾರು ಸಹಿಗಳನ್ನು ತಾಳೆ ನೋಡಿದ ಮನುಷ್ಯರು.

“ನಂಬುವುದಿಲ್ಲ?” ಎಂದು ಅವರು ನಿಧಾನವಾಗಿ ಕೇಳಿದರು. ಮತ್ತೆ ಕನ್ನಡದಲ್ಲಿ, “ಓಂಕಾರಪ್ಪನೋರೆ... ಅದು ಮೀನೇ ಅಲ್ವೇನು?”

ಕೋಣೆಯಲ್ಲಿ ಎಲ್ಲರ ಮುಖದ ಮೇಲೂ ನೆಮ್ಮದಿಯ ಕಳೆ ಬಂತು. ಎಷ್ಟು ಸುಲಭ! ಮೀನಲ್ಲವೆಂದಾದರೆ ಯಾರೂ ಯಾರನ್ನೂ ನೋಯಿಸಬೇಕಿಲ್ಲ, ಕೇಟರಿಂಗ್‌ನವರು ಬೇಕಿಲ್ಲ, ಹೋಳಿಗೆ ಎಂದಿನಂತೆಯೇ ಬರುತ್ತದೆ.

“ನೀವು ಸುಳ್ಳು ಹೇಳೋರಲ್ಲ ಸಾರ್. ಒಂದು ಮಾತು ಹೇಳಿಬಿಡಿ. ಮೀನೋ, ಅಲ್ಲವೋ?”

ಓಂಕಾರಪ್ಪನವರ ನಾಲಿಗೆಯ ತುದಿಯಲ್ಲಿ ಬಾಳೆದಿಂಡು ಇತ್ತು. ಹೇಳಿದರೆ ಹೆಂಡತಿಗೆ ಹಬ್ಬ ವಾಪಸು. ಅವರು ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಸಾವಿತ್ರಮ್ಮ ಅಲ್ಲಿ ನಿಂತಿದ್ದರು, ತಲೆಯಾಡಿಸಲಿಲ್ಲ, ಕಣ್ಸನ್ನೆ ಮಾಡಲಿಲ್ಲ. ಅವರ ಪಕ್ಕದಲ್ಲಿ ಬೌದಿ ಕನ್ನಡ ಅರ್ಥವಾಗದೆ ಎಲ್ಲರ ಮುಖ ನೋಡುತ್ತ, ಪಾಯೆಶ್ ಪಾತ್ರೆಯನ್ನು ಎರಡೂ ಕೈಗಳಲ್ಲಿ ಹಿಡಿದು ನಿಂತಿದ್ದರು.

“ಉತ್ತರ ನನಗೆ ಗೊತ್ತಿದೆ,” ಎಂದರು ಓಂಕಾರಪ್ಪನವರು. “ಹೇಳೋದಿಲ್ಲ. ಯಾಕಂದ್ರೆ ಪ್ರಶ್ನೆಯೇ ಸರಿಯಿಲ್ಲ. ಈಕೆ ಆ ಚಿತ್ರದಲ್ಲಿ ಹತ್ತು ಕೊಲೆ ಮಾಡಿದ್ದಾಳೆ. ಒಬ್ಬನನ್ನು ಎರಡು ಸಲ. ಅದು ನಿಜವೋ ಅಲ್ಲವೋ ಅಂತ ನಿಮ್ಮಲ್ಲಿ ಒಬ್ಬರಾದರೂ ನನ್ನ ಕೇಳಿದ್ರಾ?”

ಯಾರೋ ಕಿಸಕ್ಕೆಂದರು. ವಿಶ್ವನಾಥರಿಗೂ ನಗು ಬಂತು, ತಡೆದುಕೊಂಡರು. “ಅದು ನಟನೆ ಸಾರ್!”

“ಹತ್ತು ಮನುಷ್ಯಹತ್ಯೆ ನಟನೆ ಅಂತ ನಂಬ್ತೀರಿ, ಒಂದು ಮೀನನ್ನ ನಂಬೋದಿಲ್ಲ. ಇರಲಿ. ಮೀನು ಮುಟ್ಟಿದ ಕೈ ಅಡುಗೆಮನೆಗೆ ಬರಬಾರದು ಅಂತ ನಮ್ಮ ನಿಯಮಗಳಲ್ಲಿ ಎಲ್ಲಿದೆ? ನಿಯಮ ಬರೆದವನು ನಾನು.”

“ಬರೆದಿಲ್ಲ, ಒಪ್ತೀನಿ. ಆ ಥರ ನಿಯಮ ಏನೂ ಇಲ್ಲ. ಯಾವತ್ತೂ ಇರಲಿಲ್ಲ.”

“ಇತ್ತು,” ಎಂದರು ಚಂದ್ರಹಾಸರು, ಬಾಗಿಲ ಬಳಿಯ ಸ್ಟೂಲಿನಿಂದ. “ಬರೆದಿರ್ಲಿಲ್ಲ ಅಷ್ಟೇ. ನಾನು ಅದನ್ನು ಇಷ್ಟು ವರ್ಷ ಪಾಲಿಸಿದ್ದೇನಲ್ಲ.”

ಅವರು ಅದನ್ನು ದೂರಾಗಿ ಹೇಳಲಿಲ್ಲ, ಕುರ್ಚಿ ಎಷ್ಟು ಬೇಕೆಂದು ಹೇಳುವ ದನಿಯಲ್ಲೇ ಹೇಳಿದರು. ಅದಕ್ಕೇ ಕೆಲವರು ಅವಲಕ್ಕಿಯ ತಟ್ಟೆ ಕೆಳಗಿಟ್ಟರು. ಸಾವಿತ್ರಮ್ಮ ಮುಂದೆ ಬಂದರು.

“ಚಂದ್ರಹಾಸಣ್ಣ, ನಿಮಗೆ ಹೂರಣ ರುಬ್ಬಾಕೆ ಬರ್ತದೇನ್ರಿ?”

“ಬರ್ತದೆ ಅಕ್ಕ. ಅಮ್ಮ ಇರುವಾಗ ಮನೆಯಲ್ಲಿ ರುಬ್ಬುವ ಕಲ್ಲು ನನ್ನದೇ.”

“ಹಂಗಾರೆ ನೋಡ್ರಿ ವಿಶ್ವನಾಥಣ್ಣ. ಈ ವರ್ಷ ಹೂರಣ ಅವರದು, ಕಾವಲಿ ನಂದು. ಬೌದಿ ಕಾಯಿ ತುರೀತಾರೆ. ನಾವು ಮೂರು ಮಂದಿ ಬಂದ್ರೆ ಒಟ್ಟಿಗೆ ಬರ್ತೀವಿ. ಬ್ಯಾಡ ಅಂದ್ರೆ ಮೂವರೂ ಕುರ್ಚಿ ಹಾಕ್ತೀವಿ, ನೀವು ಕೇಟರಿಂಗಿನ ಹೋಳಿಗಿ ತಿನ್ರಿ.” ಒಂದು ಕ್ಷಣ ಬಿಟ್ಟು ಸೇರಿಸಿದರು: “ಊಟ ಬ್ಯಾಡ ಅಂದೋರ ಗತಿ ಏನಾತು ಅಂತ ಸಿನಿಮಾದಾಗ ನೋಡೀರಲ್ಲ.”

ಮೊದಲು ನಕ್ಕವರು ವಿಶ್ವನಾಥರೇ. ಕೇಟರಿಂಗಿನ ಹೋಳಿಗೆಯ ನೆನಪು ಅವರ ಮುಖದ ಮೇಲೆ ಹಾದುಹೋದದ್ದನ್ನು ಕಂಡವರಿದ್ದಾರೆ. ಬಳಿಕ ಅವರು ನಗುವುದನ್ನು ನಿಲ್ಲಿಸಿ, ಎದ್ದು, ಚಂದ್ರಹಾಸರ ಸ್ಟೂಲಿನ ಬಳಿ ಹೋಗಿ ನಿಂತರು. “ನನಗೆ ಇದು ತಿಳೀಲೇ ಇಲ್ಲ ಚಂದ್ರಹಾಸರೇ. ತಿಳಿಯಬೇಕಿತ್ತು,” ಎಂದರು. ಬೌದಿ ಮಾತ್ರ ಪಾತ್ರೆಯನ್ನು ಮೇಜಿನ ಮೇಲೆ ಇಟ್ಟು, “ಏನು ತೀರ್ಮಾನವಾಯಿತು? ತೊಳೆದದ್ದು ತಪ್ಪು ಎಂದು ಒಪ್ಪಿದಳೇ?” ಎಂದು ಕೇಳಿದರು.

“ಒಪ್ಪಿದೆ ಬೌದಿ,” ಎಂದರು ಸಾವಿತ್ರಮ್ಮ.

ಯುಗಾದಿಯ ಬೆಳಿಗ್ಗೆ ಸಭಾಂಗಣದ ಅಡುಗೆಮನೆಯಲ್ಲಿ ಬೇಳೆಯ ಹಬೆ ತುಂಬಿತ್ತು. ಚಂದ್ರಹಾಸರು ಪಂಚೆ ಎತ್ತಿ ಕಟ್ಟಿ ಹೂರಣ ರುಬ್ಬಿದರು. ಬೆಲ್ಲ ಸ್ವಲ್ಪ ಮುಂದಾಗಬೇಕು ಎಂದು ಅವರೂ, ಇಷ್ಟೇ ಸಾಕು ಎಂದು ಸಾವಿತ್ರಮ್ಮನೂ ವಾದಿಸಿದರು. ಬೆಲ್ಲ ಸ್ವಲ್ಪ ಮುಂದಾಯಿತು. ಬೌದಿ ಸಾವಿತ್ರಮ್ಮನ ಈಳಿಗೆಮಣೆಯ ಮೇಲೆ ಕುಳಿತು ಕಾಯಿ ತುರಿಯುತ್ತ, ತುರಿಯುವ ಮೊದಲು ಕಾಯಿಯನ್ನು ತೊಳೆಯಬೇಕೇ, ಆಮೇಲೆ ತೊಳೆಯಬೇಕೇ ಎಂದು ದೊಡ್ಡ ದನಿಯಲ್ಲಿ ಕೇಳಿದರು. ಸಾವಿತ್ರಮ್ಮನ ಭುಜಗಳು ಕುಣಿದ ರಭಸಕ್ಕೆ ಕಾವಲಿಯ ಮೇಲಿನ ಹೋಳಿಗೆ ಮಡಚಿಕೊಂಡಿತು. ನಿಹಾರಿಕಾ ಮೂಲೆಯಲ್ಲಿ ನಿಂತು ತನ್ನ ಮುಂದಿನ ಚಿತ್ರಕ್ಕೆ ಈ ಮೂವರೂ ಬೇಕೆಂದು ಹೇಳುತ್ತಿದ್ದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಕುರ್ಚಿಗಳನ್ನು ಹಾಕಿದವರು ಓಂಕಾರಪ್ಪನವರು. ಸಾಲುಗಳು ಹಳಿಯಷ್ಟು ನೇರವಾಗಿದ್ದವು. ಸೊಂಟ ನೋಯುತ್ತಿತ್ತು. ಇಷ್ಟು ವರ್ಷ ಚಂದ್ರಹಾಸರು ಇದನ್ನು ಹೇಗೆ ಮಾಡಿದರೆಂದು ಯೋಚಿಸುತ್ತ ಅವರು ಕೊನೆಯ ಪಂಕ್ತಿಯಲ್ಲಿ ವಿಶ್ವನಾಥರ ಪಕ್ಕ ಎಲೆಗೆ ಕುಳಿತರು. ಸಾವಿತ್ರಮ್ಮನೇ ಬಡಿಸಲು ಬಂದರು. ಮೂರನೆಯ ಹೋಳಿಗೆಗೆ ವಿಶ್ವನಾಥರು “ಸಾಕು” ಎನ್ನಲು ಎಲೆಯ ಮೇಲೆ ಕೈ ಅಡ್ಡ ಹಿಡಿದರು, ತಲೆಯೆತ್ತಿ ಬಡಿಸುವವರ ಮುಖ ನೋಡಿದರು, ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಹೋಳಿಗೆ ಬಿತ್ತು, ಅದರ ಮೇಲೆ ತುಪ್ಪ ಬಿತ್ತು.

ಸಾವಿತ್ರಮ್ಮ ಮುಂದಿನ ಸಾಲಿಗೆ ಹೋದ ಮೇಲೆ ವಿಶ್ವನಾಥರು ಬಾಗಿ, ಕಿವಿಯ ಹತ್ತಿರ ಕೇಳಿದರು. “ಈಗಲಾದರೂ ಹೇಳಿ ಸಾರ್. ನಮ್ಮಿಬ್ಬರಲ್ಲೇ ಇರತ್ತೆ. ಮೀನೋ, ಅಲ್ಲವೋ?”

ಓಂಕಾರಪ್ಪನವರು ಹೋಳಿಗೆಯ ಒಂದು ತುಂಡನ್ನು ಮುರಿದು ತುಪ್ಪದಲ್ಲಿ ಅದ್ದಿದರು. ತಿಳಿದ ಸಂಗತಿಯೊಂದನ್ನು ಹೇಳದೆ ಇಟ್ಟುಕೊಳ್ಳುವುದರಲ್ಲಿ ಇಂಥ ರುಚಿಯಿರಬಹುದೆಂದು ಅವರು ಎಂದೂ ಎಣಿಸಿರಲಿಲ್ಲ.

“ಬಿಸಿ ಇದ್ದಾಗಲೇ ತಿನ್ರಿ,” ಎಂದರು. “ಆಕೆ ಮತ್ತೆ ಈ ಕಡೆ ಬರ್ತಿದ್ದಾಳೆ.”